ಮನೆ ತುಂಬ ಕಂಬಿ

ಜನವರಿ 12

ಡ್ರೈವರಣ್ಣನಿಗೆ,

ಕಾಲು ಬಂತು. ನನ್ನದಲ್ಲ, ಅದು ಎಲ್ಲಿಗೆ ಹೋಯಿತೆಂದು ಆಸ್ಪತ್ರೆಯವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಇದು ಹೊಸದು. ಎಡಮೊಣಕಾಲಿನ ಕೆಳಗೆ ಉಳಿದಿರುವ ಮೋಟಿಗೆ ಕಾಲುಚೀಲ ತೊಡಿಸಿ ಒಂದು ಬಟ್ಟಲಿನೊಳಗೆ ಇಳಿಸಬೇಕು, ಟಕ್ ಎಂದು ಕೂರುತ್ತದೆ. ಬಟ್ಟಲಿನ ಕೆಳಗೆ ಸರಳು, ಸರಳಿನ ಕೆಳಗೆ ರಬ್ಬರಿನ ಪಾದ. ಬೆರಳುಗಳನ್ನೂ ಕೆತ್ತಿದ್ದಾರೆ, ಉಗುರು ಸಮೇತ. ನನ್ನ ಬಲಗಾಲಿನ ಬೆರಳುಗಳಿಗಿಂತ ಇವೇ ಲಕ್ಷಣವಾಗಿವೆ.

ತರಬೇತಿ ಕೋಣೆಯಲ್ಲಿ ಎರಡು ಉದ್ದನೆಯ ಕಂಬಿಗಳ ನಡುವೆ ನಡೆಸುತ್ತಾರೆ. ಅಲ್ಲಿ ಎಲ್ಲರಿಗಿಂತ ಮೊದಲು ಕೈ ಬಿಟ್ಟು ನಡೆದವಳು ನಾನೇ. ಕಾಲಿನ ಟೀಚರ್ ಎಂದು ನಾವು ಕರೆಯುವ ಹುಡುಗಿ ಬೇರೆಯವರನ್ನೆಲ್ಲ ಕೂಗಿ ಕರೆದು ನನ್ನನ್ನು ತೋರಿಸಿದಳು. ಓಡುವ ಬಸ್ಸಿನಲ್ಲಿ ಇಷ್ಟು ವರ್ಷ ನಿಂತ ಕಂಡಕ್ಟರಿಗೆ ನಿಂತ ನೆಲದ ಮೇಲೆ ನಿಲ್ಲುವುದೇನು ಮಹಾ ಎಂದೆ.

ಈಗ ಮನೆಯಲ್ಲಿದ್ದೇನೆ, ಅದೇ ಮೂರನೇ ಮಹಡಿ. ನಮ್ಮ ಯಜಮಾನರನ್ನು ನೀನು ಬಲ್ಲೆಯಲ್ಲ, ಊರವರ ನಲ್ಲಿಗಳನ್ನೆಲ್ಲ ರಿಪೇರಿ ಮಾಡಿ ಮನೆಯ ನಲ್ಲಿಯನ್ನು ಸೋರಲು ಬಿಡುವವರು. ಅವರು ಈಗ ಗೋಡೆಯುದ್ದಕ್ಕೂ ಪೈಪು ಕೂರಿಸಿದ್ದಾರೆ, ನನಗೆ ಆಸರೆಗೆಂದು. ಕೈಯಲ್ಲಿ ಹಿಡಿಯಲೆಂದು ಎದೆ ಎತ್ತರಕ್ಕೆ ಹಾಕಲು ಹೊರಟರು. ನಾನು ಬೇಡವೆಂದು ಸೊಂಟದ ಪಕ್ಕಕ್ಕೆ ಬೆರಳಿಟ್ಟು ‘ಇಲ್ಲಿಗೆ’ ಎಂದು ತೋರಿಸಿದೆ. ಅಲ್ಲಿಗೇ ಹಾಕಿದರು. ಈಗ ಕೈಯನ್ನೇ ಬಳಸುವುದಿಲ್ಲ ನೋಡು. ಎರಡೂ ಕೈಯಲ್ಲಿ ತುಂಬಿದ ಪಾತ್ರೆ ಹಿಡಿದು ಅಡುಗೆಮನೆಯಿಂದ ಹಾಲಿಗೆ ಬಂದರೂ ಒಂದು ಹನಿ ಚೆಲ್ಲುವುದಿಲ್ಲ.

ಏಪ್ರಿಲ್‌ನಲ್ಲಿ ಡಿಪೋ ಡಾಕ್ಟರ ಪರೀಕ್ಷೆ. ಗೇಟಿನಿಂದ ಆಫೀಸಿನ ಬಾಗಿಲತನಕ ಅಂಗಳದಲ್ಲಿ ಒಬ್ಬಳೇ ನಡೆದು ತೋರಿಸಬೇಕು. ಕೋಲಿಲ್ಲ, ಹಿಡಿಯುವವರಿಲ್ಲ. ನಡೆದರೆ ಕೆಲಸ ಉಳಿಯಿತು, ಇಲ್ಲದಿದ್ದರೆ ಥ್ಯಾಂಕ್ಸ್ ಹೇಳಿ ಮನೆಗೆ ಕಳುಹಿಸುತ್ತಾರೆ. ಮನೆಯಲ್ಲಿ ಕೂತರೆ ನಾನು ಬದುಕುವುದಿಲ್ಲ, ಅದು ನಿನಗೂ ಗೊತ್ತು.

ಆ ದಿನ ನಾನು ಬಸ್ಸಿನ ಹಿಂದೆ ನಿಂತು ಸೀಟಿ ಊದುತ್ತ ನಿನಗೆ ರಿವರ್ಸ್ ಕೊಡಿಸುತ್ತಿದ್ದಾಗ ಆ ಲಾರಿ ಎಲ್ಲಿಂದಲೋ ಬಂತು. ನಿನ್ನದೇನೂ ತಪ್ಪಿಲ್ಲವೆಂದು ಡಿಪೋಗೆ ಡಿಪೋನೇ ಹೇಳಿದ ಮೇಲೂ ಅಷ್ಟು ದೂರಕ್ಕೆ ವರ್ಗ ಕೇಳಿಕೊಂಡು ಹೋದೆಯಲ್ಲ, ಅದೊಂದು ಸಿಟ್ಟು ನನಗೆ ಹೋಗಿಲ್ಲ. ಹೊಸ ರೂಟು ಹೇಗಿದೆ, ಬರೆ.

ನೀನಿಟ್ಟ ಹೆಸರಿನ,
ಚಿಲ್ಲರೆ


ಜನವರಿ 30

ಚಿಲ್ಲರೆ,

ಪತ್ರ ಓದಿ ಆ ದಿನ ಊಟ ಸೇರಿತು. ಒಂದು ನಾಣ್ಯಕ್ಕಾಗಿ ಪ್ರಯಾಣಿಕರ ಜೊತೆ ಕೊನೆಯ ಸ್ಟಾಪಿನವರೆಗೆ ಜಗಳವಾಡಿದವಳು ಒಂದು ಕಾಲಿಗಾಗಿ ಸುಮ್ಮನೆ ಕೂರುತ್ತಾಳೆಯೇ ಎಂದು ನಾನು ಎಲ್ಲರಿಗೂ ಹೇಳುತ್ತಲೇ ಇದ್ದೆ.

ನನಗಿಲ್ಲಿ ಬೆಟ್ಟದ ರೂಟು. ತಿರುವಿನ ಮೇಲೆ ತಿರುವು, ಬೆಳಿಗ್ಗೆ ಮಂಜು. ಬಸ್ಸು ಹಳೆಯದಾದರೂ ಗೇರು ಬೆಣ್ಣೆಯಂತೆ ಬೀಳುತ್ತದೆ. ಪ್ರಯಾಣಿಕರು ಸಭ್ಯರು, ಸರಿಯಾದ ಚಿಲ್ಲರೆ ಕೈಯಲ್ಲೇ ಹಿಡಿದು ಹತ್ತುತ್ತಾರೆ. ಕಂಡಕ್ಟರೂ ಒಳ್ಳೆಯ ಮನುಷ್ಯ. ಕೋಣೆ ಸಣ್ಣದು, ಆದರೆ ಬಿಸಿನೀರು ಬರುತ್ತದೆ. ಒಬ್ಬನಿಗೆ ಇನ್ನೆಷ್ಟು ಬೇಕು?

ನಿನ್ನ ಯಜಮಾನರಿಗೆ ನನ್ನ ನಮಸ್ಕಾರ ಹೇಳು. ಪೈಪಿನ ಕೆಲಸವನ್ನು ಪ್ರೀತಿಯಿಂದ ಮಾಡುವವರು ಕಡಿಮೆ. ನೀನು ಪುಣ್ಯವಂತೆ.

ಡ್ರೈವರಣ್ಣ


ಫೆಬ್ರವರಿ 20

ಡ್ರೈವರಣ್ಣನಿಗೆ,

ಪುಣ್ಯ ಜಾಸ್ತಿಯಾಗಿದೆ. ಬಚ್ಚಲಿಗೆ ಪೈಪು ಬಂತು, ಬಾಲ್ಕನಿಗೆ ಬಂತು, ಮಂಚದ ಸುತ್ತ ಬಂತು. ಹಾಲಿನ ನಡುವೆ ಗೋಡೆಯಿಲ್ಲ ಎಂದು ನೆಲಕ್ಕೆ ಕಂಬ ನೆಟ್ಟು ಅದಕ್ಕೂ ಒಂದು ಪೈಪು. ಮೊನ್ನೆ ಹೊರಗಿನ ಮೆಟ್ಟಿಲಿಗೂ ಹಾಕಲು ಡ್ರಿಲ್ಲು ತೆಗೆದುಕೊಂಡು ಹೋದರು. ಮನೆ ಓನರು ಹಾಲಿಗೆ ಬಂದು ಸುತ್ತ ನೋಡಿ, ಇದು ಮನೆಯೋ ದನದ ಕೊಟ್ಟಿಗೆಯೋ ಎಂದು ಕೇಳಿ, ಮೆಟ್ಟಿಲಿಗೆ ಒಂದು ತೂತು ಬಿದ್ದರೂ ಮನೆ ಖಾಲಿ ಮಾಡಿ ಎಂದು ಹೇಳಿ ಹೋದರು. ಯಾರಾದರೂ ನಾನು ಎಲ್ಲಿದ್ದೇನೆಂದು ಕೇಳಿದರೆ ಕಂಬಿ ಎಣಿಸುತ್ತಿದ್ದೇನೆ ಎಂದು ಹೇಳು, ಸುಳ್ಳಾಗುವುದಿಲ್ಲ.

ನಡೆಯುವುದು ಚೆನ್ನಾಗಿದೆ. ಸಂಜೆಯ ಹೊತ್ತಿಗೆ ಬಟ್ಟಲು ಬಿಗಿಯಾಗಿ ಚರ್ಮ ಕೆಂಪಾಗುತ್ತದೆ. ಇಲ್ಲದ ಪಾದದ ಅಂಗಾಲಿನಲ್ಲಿ ತುರಿಕೆ ಬರುತ್ತದೆ, ಕೆರೆಯೋಣವೆಂದರೆ ಅಲ್ಲಿ ರಬ್ಬರು. ನಿನ್ನೆ ಏನೋ ಮಾತಿಗೆ ಇವರು ‘ಯಾಕೆ ಕಾಲು ಕೆರ್ಕೊಂಡು ಜಗಳಕ್ಕೆ ಬರ್ತೀಯ’ ಎಂದರು. ಆಮೇಲೆ ತಾವೇ ಅತ್ತುಬಿಟ್ಟರು. ಅವರನ್ನು ಸಮಾಧಾನ ಮಾಡುವುದರಲ್ಲೇ ನನಗೆ ಸಾಕಾಯಿತು.

ಬೀದಿಗೆ ಇನ್ನೂ ಇಳಿದಿಲ್ಲ. ಬಿಸಿಲಿಗೆ ಕಾಲು ಬೆವರುತ್ತದೆ, ಅದಕ್ಕೆ. ಕುಂಟು ನೆಪ ಎನ್ನಬೇಡ, ಆ ಹಕ್ಕು ನನಗೊಬ್ಬಳಿಗೇ. ಕಿಟಕಿಯಿಂದ ತಲೆ ಹೊರಹಾಕಿದರೆ ಬೀದಿ ತುದಿಯಲ್ಲಿ ನಮ್ಮ ಬಸ್ಸು ತಿರುಗುವುದು ಕಾಣುತ್ತದೆ. ಹೊಸ ಕಂಡಕ್ಟರು ಫುಟ್‌ಬೋರ್ಡಿನ ಮೇಲೆ ನಿಂತು ಹಲ್ಲು ಕಿರಿಯುತ್ತಿರುತ್ತಾನೆ. ಹಿಂದೆ ಇಬ್ಬರು ಟಿಕೆಟ್ ಇಲ್ಲದೆ ಇಳಿದುಹೋಗುವುದು ಮೂರನೇ ಮಹಡಿಯ ನನಗೆ ಕಾಣುತ್ತದೆ, ಅವನಿಗೆ ಕಾಣುವುದಿಲ್ಲ.

ಚಿಲ್ಲರೆ


ಮಾರ್ಚ್ 14

ಚಿಲ್ಲರೆ,

ಈ ಹೊತ್ತಿಗೆ ನೀನು ಮಾರ್ಕೆಟ್ಟಿನಲ್ಲಿ ನಿಂತು ತರಕಾರಿಯವನ ತಲೆ ತಿನ್ನುತ್ತಿರುತ್ತೀಯ ಎಂದುಕೊಂಡಿದ್ದೇನೆ. ಮನೆಯೊಳಗೆ ಅಷ್ಟು ಸಲೀಸಾಗಿ ನಡೆಯುವವಳಿಗೆ ಅಂಗಳ ಯಾವ ಲೆಕ್ಕ? ಡಾಕ್ಟರ ಎದುರಿಗೆ ಅವಸರ ಮಾಡಬೇಡ, ಅಷ್ಟೇ. ಸ್ಟಾಪು ಬಂದಾಗಲೂ ಬಸ್ಸು ನಿಲ್ಲುವ ಮೊದಲೇ ಇಳಿಯುವ ಚಟ ನಿನ್ನದು.

ಬೆಟ್ಟದ ಮೇಲೆ ಈಗ ಗಿಡಗಳೆಲ್ಲ ಹೂವು ಬಿಟ್ಟಿವೆ. ಬಸ್ಸು ಚೆನ್ನಾಗಿ ಓಡುತ್ತಿದೆ. ಕಂಡಕ್ಟರು ನಿನ್ನ ಕಥೆ ಕೇಳಿ ಒಮ್ಮೆ ನೋಡಬೇಕು ಎಂದ, ಒಳ್ಳೆಯವನು. ಕಾಗದಕ್ಕೆ ಕೈಯ ಗ್ರೀಸ್ ಹತ್ತಿದೆ, ಬೈಯಬೇಡ.

ಡ್ರೈವರಣ್ಣ


ಮೇ 6

ಡ್ರೈವರಣ್ಣನಿಗೆ,

ಪರೀಕ್ಷೆ ಮುಂದಕ್ಕೆ ಹಾಕಿದ್ದಾರೆ. ಡಾಕ್ಟರು ರಜದ ಮೇಲಿದ್ದಾರಂತೆ. ಕಾಲು ಚೆನ್ನಾಗಿದೆ. ಎಲ್ಲರೂ ಚೆನ್ನಾಗಿದ್ದೇವೆ.

ಚಿಲ್ಲರೆ


ಮೇ 25

ಚಿಲ್ಲರೆ,

ನಮ್ಮ ಹಳೆಯ ಡಿಪೋದ ಮೆಕ್ಯಾನಿಕ್ ಹೋದ ವಾರ ಕ್ಲಚ್ ಪ್ಲೇಟು ತೆಗೆದುಕೊಂಡು ಹೋಗಲು ಇಲ್ಲಿಗೆ ಬಂದಿದ್ದ. ನಾನು ಕೇಳಲಿಲ್ಲ, ಅವನೇ ಹೇಳಿದ. ಅಂಗಳದ ನಡುವೆ ನೀನು ಬಿದ್ದೆಯಂತೆ. ಎದ್ದು ಮತ್ತೆ ನಡೆದು ಮತ್ತೆ ಬಿದ್ದೆಯಂತೆ. ಅದನ್ನು ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ.

ನನಗೆ ಯಾಕೆ ಸುಳ್ಳು ಬರೆದೆ ಎಂದು ಕೇಳುವುದಿಲ್ಲ. ಒಂದೇ ಒಂದು ವಿಷಯ ಹೇಳು. ಎರಡು ಸಲವೂ ಬಿದ್ದದ್ದು ಯಾವ ಕಡೆಗೆ?

ಡ್ರೈವರಣ್ಣ


ಜೂನ್ 8

ಡ್ರೈವರಣ್ಣನಿಗೆ,

ಯಾವ ಕಡೆಗೆ ಬಿದ್ದರೆ ನಿನಗೇನು? ಎಡಕ್ಕೆ. ಎರಡು ಸಲವೂ ಎಡಕ್ಕೆ, ಹೊಸ ಕಾಲಿನ ಕಡೆಗೆ. ಸಾಕೇ?

ನನ್ನ ಗೌರವಕ್ಕೆಂದು ಬಸ್ಸುಗಳನ್ನೆಲ್ಲ ಆಚೆ ನಿಲ್ಲಿಸಿ ಅಂಗಳ ಖಾಲಿ ಮಾಡಿದ್ದರು. ಅದು ಅಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ. ನೆಟ್ಟಗೇ ಹೊರಟೆ. ನಡುವೆ ಬಂದಾಗ ಒಂದು ಗಳಿಗೆ ನಿಂತು ಉಸಿರು ತೆಗೆದುಕೊಳ್ಳೋಣವೆಂದೆ, ಅಷ್ಟರಲ್ಲಿ ನೆಲ ಮುಖಕ್ಕೆ ಬಂತು. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನಲು ನನಗೆ ಮೀಸೆಯೂ ಇಲ್ಲ. ಎರಡನೇ ಸಲ ಬಿದ್ದಾಗ ಗೇಟಿನಾಚೆ ನಿಂತಿದ್ದ ಇವರು ಓಡಿಬಂದು ಎಲ್ಲರ ಎದುರಿಗೆ ನನ್ನನ್ನು ಮಗುವಿನಂತೆ ಎತ್ತಿಕೊಂಡು ಹೋದರು. ನೀನು ಊಹಿಸಿಕೋ. ಆ ಅಂಗಳದಲ್ಲಿ ಯಾರಿಗೂ ತಲೆ ತಗ್ಗಿಸದವಳು ಗಂಡನ ಹೆಗಲಿನಲ್ಲಿ ಮುಖ ಮುಚ್ಚಿಕೊಂಡು ಹೊರಗೆ ಬಂದೆ.

ಕಾಲೇ ಸರಿಯಿಲ್ಲವೆಂದು ಅದನ್ನು ಮಾಡಿಕೊಟ್ಟ ವರ್ಕ್‌ಶಾಪಿಗೆ ಕಳುಹಿಸಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನಾನು ಕಾಲು ಡೊಂಕು ಎಂದೆ. ಸರಿಯಾಗಿದೆ ಎಂದು ವಾಪಸು ಕಳುಹಿಸಿದರು. ಮನೆಯೊಳಗೆ ಈಗಲೂ ಸರಾಗವಾಗಿ ನಡೆಯುತ್ತೇನೆ. ಬಾಗಿಲಾಚೆ ಕಾಲಿಟ್ಟ ಕೂಡಲೇ ಚೌಕಟ್ಟು ಹಿಡಿದುಕೊಂಡು ವಾಪಸು ಒಳಗೆ ಬರುತ್ತೇನೆ. ಹೊರಗೆ ಹೋಗಬೇಕೆಂದರೆ ಇವರ ಬೆನ್ನಿನ ಮೇಲೆ. ಮೂರು ಮಹಡಿಯ ಬಾಗಿಲುಗಳೂ ತೆರೆದುಕೊಂಡು ನೋಡುತ್ತವೆ. ಅದಕ್ಕೆ ಹೋಗುವುದನ್ನೇ ಬಿಟ್ಟಿದ್ದೇನೆ. ಡಿಪೋ ಸಾಹೇಬರು ಪಾಪ, ಸೆಪ್ಟೆಂಬರಿನ ಮೊದಲ ಸೋಮವಾರ ಇನ್ನೊಮ್ಮೆ ಬಾ, ಅದೇ ಕೊನೆಯದು ಎಂದಿದ್ದಾರೆ. ನಾನು ಹೋಗುವುದಿಲ್ಲ.

ಇನ್ನು ನಿನ್ನ ಸರದಿ. ಇಷ್ಟು ಪತ್ರ ಬರೆದೆ, ಒಂದರಲ್ಲೂ ಕಂಡಕ್ಟರನ್ನು ಬೈದಿಲ್ಲ. ಒಳ್ಳೆಯ ಮನುಷ್ಯನಂತೆ! ಕಂಡಕ್ಟರನ್ನು ಬೈಯದ ಡ್ರೈವರು ಈ ಭೂಮಿಯ ಮೇಲೆ ಹುಟ್ಟಿಲ್ಲ. ಹೂವು, ಮಂಜು ಎಂದು ಬರೆಯುತ್ತೀಯ, ಒಂದು ಬ್ರೇಕಿನ ಬಗ್ಗೆ ದೂರಿಲ್ಲ. ಕೈಯಲ್ಲಿ ಗ್ರೀಸು. ಕ್ಲಚ್ ಪ್ಲೇಟಿಗೆ ಬಂದ ಮೆಕ್ಯಾನಿಕ್ ನಿನ್ನ ಹತ್ತಿರ ಯಾಕೆ ಬಂದ? ನೀನು ಬಸ್ಸು ಓಡಿಸುತ್ತಿಲ್ಲ.

ಚಿಲ್ಲರೆ


ಜೂನ್ 27

ಚಿಲ್ಲರೆ,

ಓಡಿಸುತ್ತಿಲ್ಲ. ಇಲ್ಲಿಗೆ ಬಂದ ವಾರವೇ ನನ್ನನ್ನು ಸ್ಪೇರ್ ಪಾರ್ಟ್ಸ್ ಕೋಣೆಗೆ ಹಾಕಿದರು. ಮುಂದೆ ತಂತಿಯ ಜಾಲರಿ, ಅದರಲ್ಲಿ ಒಂದು ಕಿಂಡಿ. ಬೋಲ್ಟು ಕೇಳಿದವರಿಗೆ ಬೋಲ್ಟು, ಬೆಲ್ಟು ಕೇಳಿದವರಿಗೆ ಬೆಲ್ಟು. ಬೆಟ್ಟ ಇದೆಯೆಂದು ಬೇರೆ ಡ್ರೈವರುಗಳು ಹೇಳುತ್ತಾರೆ, ನಾನು ಹತ್ತಿಲ್ಲ.

ಮುಂದಕ್ಕೆ ಓಡಿಸಬಲ್ಲೆ. ರಿವರ್ಸ್ ಗೇರಿನ ಮೇಲೆ ಕೈಯಿಟ್ಟರೆ ಕೈ ಅಲ್ಲೇ ನಿಲ್ಲುತ್ತದೆ. ಹೊರಗಿನ ಕನ್ನಡಿಯಲ್ಲಿ ಆ ಲಾರಿ ಬರುತ್ತದೆ. ಅವತ್ತು ನಾನು ಹಾರ್ನ್ ಒತ್ತಿದೆ, ಕೂಗಿದೆ. ನಿನಗೆ ನಿನ್ನ ಸೀಟಿಯೇ ಕೇಳಿಸುತ್ತಿತ್ತು. ಹಿಂದಕ್ಕೆ ತೆಗೆಯಲಾಗದ ಡ್ರೈವರನನ್ನು ಯಾರು ಇಟ್ಟುಕೊಳ್ಳುತ್ತಾರೆ? ನೀನು ನಡೆಯುತ್ತಿದ್ದೀಯ ಎಂದು ಬರೆದೆ, ನಾನು ಓಡಿಸುತ್ತಿದ್ದೇನೆ ಎಂದು ಬರೆದೆ. ನನ್ನಿಂದ ನಿನ್ನ ಧೈರ್ಯ ಕೆಡಬಾರದೆಂದುಕೊಂಡೆ. ನೀನೂ ಹಾಗೇ ಅಂದುಕೊಂಡಿರುತ್ತೀಯ.

ಈಗ ಅದು ಬಿಡು, ಇದನ್ನು ಗಮನವಿಟ್ಟು ಓದು. ನೀನು ಬಸ್ಸಿನಲ್ಲಿ ಹೇಗೆ ನಿಲ್ಲುತ್ತಿದ್ದೆ ಎಂದು ನಿನಗೆ ಗೊತ್ತಿಲ್ಲ. ನನಗೆ ಗೊತ್ತು, ತಲೆಯ ಮೇಲಿನ ಕನ್ನಡಿಯಲ್ಲಿ ದಿನವೂ ನೋಡಿದ್ದೇನೆ. ಒಂದು ಕೈಯಲ್ಲಿ ಟಿಕೆಟ್ ಮೆಷಿನ್ನು, ಇನ್ನೊಂದರಲ್ಲಿ ದುಡ್ಡು. ಹಿಡಿದುಕೊಳ್ಳಲು ಮೂರನೇ ಕೈ ಎಲ್ಲಿದೆ? ಅದಕ್ಕೆ ಸೀಟಿನ ಬೆನ್ನಿನ ಕಂಬಿಗೆ ಎಡಸೊಂಟ ಆನಿಸುತ್ತಿದ್ದೆ. ಭಾರವೆಲ್ಲ ಬಲಗಾಲಿಗೆ ಮತ್ತು ಕಂಬಿಗೆ. ಎಡಗಾಲಿಗೆ ಕೆಲಸವೇ ಇರಲಿಲ್ಲ, ಹಿಮ್ಮಡಿ ಎತ್ತಿ ಅದನ್ನು ಆಡಿಸುತ್ತ ನಿಲ್ಲುತ್ತಿದ್ದೆ. ಎಲ್ಲ ಕಂಡಕ್ಟರುಗಳೂ ಹಾಗೇ, ಯಾರಿಗೂ ಅದು ಗೊತ್ತಿರುವುದಿಲ್ಲ.

ತರಬೇತಿ ಕೋಣೆಯ ಕಂಬಿಗಳ ನಡುವೆ ನೀನು ಮೊದಲು ಬಂದದ್ದು ಅದಕ್ಕೇ. ನಿನ್ನ ಯಜಮಾನರಿಗೆ ‘ಇಲ್ಲಿಗೆ’ ಎಂದು ತೋರಿಸಿದೆಯಲ್ಲ, ಅದು ಸೀಟಿನ ಕಂಬಿಯ ಎತ್ತರ. ಹೊಸ ಕಾಲು ಬಂದ ಮೇಲೆ ನೀನು ಅದರ ಮೇಲೆ ಒಂದು ಸಲವೂ ನಿಂತಿಲ್ಲ, ಪೈಪಿನ ಮೇಲೆ ನಿಂತಿದ್ದೀಯ. ಅಂಗಳದಲ್ಲಿ ಉಸಿರು ತೆಗೆದುಕೊಳ್ಳಲು ನಿಂತಾಗ ನಿನ್ನ ಸೊಂಟ ಕಂಬಿ ಹುಡುಕಿತು, ಅಲ್ಲಿ ಕಂಬಿ ಇರಲಿಲ್ಲ. ಕಾಲಿನದೇನೂ ತಪ್ಪಿಲ್ಲ.

ಆ ಪೈಪುಗಳನ್ನು ಬಿಚ್ಚಿಸು. ಎಲ್ಲವನ್ನೂ. ಸೆಪ್ಟೆಂಬರಿನ ಸೋಮವಾರ ನಾನೂ ಬರುತ್ತೇನೆ, ರೈಲಿನಲ್ಲಿ. ಇಬ್ಬರೂ ಸೇರಿ ಡಿಪೋಗೆ ಹೋಗೋಣ.

ಡ್ರೈವರಣ್ಣ


ಆಗಸ್ಟ್ 3

ಡ್ರೈವರಣ್ಣನಿಗೆ,

ನಿನ್ನ ಪತ್ರ ಓದಿ ಹರಿದು ಬಿಸಾಡಿದೆ. ಜಾಲರಿಯ ಹಿಂದೆ ಕೂತವನು ನನಗೆ ನಿಲ್ಲಲು ಕಲಿಸುತ್ತಾನೆ ಎಂದು ಬೈದುಕೊಂಡೆ. ಆಮೇಲೆ ಒಲೆಯ ಮುಂದೆ ನಿಂತಿದ್ದಾಗ ಕೆಳಗೆ ನೋಡಿದೆ. ರಬ್ಬರಿನ ಹಿಮ್ಮಡಿ ನೆಲಕ್ಕೆ ತಾಗಿರಲಿಲ್ಲ. ಸೊಂಟ ಪೈಪಿಗೆ ಅಂಟಿತ್ತು.

ಇವರಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಮೊದಲು ಅರ್ಥವಾಗಲಿಲ್ಲ, ಪೈಪು ಸಡಿಲವಾಗಿದೆಯೇ ಎಂದು ಅಲ್ಲಾಡಿಸಿ ನೋಡಿದರು. ಅರ್ಥವಾದ ಮೇಲೆ ಊಟ ಬಿಟ್ಟರು. ಮೂರನೇ ದಿನ ಸ್ಪ್ಯಾನರು ಹಿಡಿದು ಹಾಲಿನ ನಡುವಿನ ಕಂಬದ ಎದುರು ಕೂತರು. ಕೂತವರು ಏಳಲೇ ಇಲ್ಲ.

‘ನೀನು ಆಸ್ಪತ್ರೆಲಿ ಇದ್ದಾಗ ಡಾಕ್ಟರಿಗೆ ಕೆಲಸ ಇತ್ತು, ನರ್ಸಿಗೆ ಕೆಲಸ ಇತ್ತು. ನಾನು ಬೆಂಚಿನ ಮೇಲೆ ಕೂತಿದ್ದೆ. ನನಗೆ ಬರೋದು ಇದೊಂದೇ. ಇದನ್ನೂ ಬಿಚ್ಚು ಅಂದ್ರೆ ನಾನು ನಿನಗೆ ಏನು ಮಾಡ್ಲಿ ಹೇಳು.’

‘ಏನೂ ಮಾಡ್ಬೇಡಿ. ನಾನು ಬಿದ್ದಾಗ ಸುಮ್ಮನೆ ಕೂತಿರಿ’ ಎಂದೆ.

‘ಅದು ನನ್ನ ಕೈಲಿ ಆಗಲ್ಲ.’

ಅವರ ಮೇಲೆ ನನಗೆ ಎಷ್ಟು ಸಿಟ್ಟು ಇತ್ತೆಂದು ಆಗಲೇ ನನಗೂ ಗೊತ್ತಾದದ್ದು, ಮತ್ತು ಅದೆಲ್ಲ ಹೋಯಿತೆಂದೂ. ಇಬ್ಬರೂ ನೆಲದ ಮೇಲೆ ಕೂತು ಅತ್ತೆವು. ಆಮೇಲೆ ನಾನು ಪೈಪು ಹಿಡಿದುಕೊಂಡೆ, ಅವರು ಬಿಚ್ಚಿದರು.

ಈಗ ಮನೆ ನಮ್ಮ ಡಿಪೋ ಅಂಗಳದಷ್ಟೇ ದೊಡ್ಡದಾಗಿದೆ. ತುಂಬಿದ ಪಾತ್ರೆ ಹಿಡಿಯುವ ಜಂಬ ಇಳಿದಿದೆ. ಹೊಸದಾಗಿ ನಿಲ್ಲಲು ಕಲಿಯುತ್ತಿದ್ದೇನೆ. ಕಾಲಿನ ಟೀಚರಿಗೆ ಹೇಳಿಕಳುಹಿಸಿ ಮನೆಗೇ ಕರೆಸಿಕೊಂಡೆ. ಮೊದಲು ನಿಲ್ಲಿ, ನಡೆಯೋದು ಆಮೇಲೆ ಎಂದು ಎಡಗಾಲಿನ ಮೇಲೇ ಭಾರ ಹಾಕಿಸಿದಳು. ನೋವಾಗುತ್ತದೆ, ಬಟ್ಟಲು ಕಚ್ಚುತ್ತದೆ. ಬಹಳ ಬಿದ್ದಿದ್ದೇನೆ. ಬಿದ್ದ ಸದ್ದು ಕೇಳಿದರೆ ಇವರು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ನಿಲ್ಲುತ್ತಾರೆ, ಕೇಳಿಸದಿರಲಿ ಎಂದು.

ಉಳಿದಿರುವುದು ಮೆಟ್ಟಿಲು. ಇಳಿಯುವಾಗ ರಬ್ಬರಿನ ಕಾಲು ಮೊದಲು ಕೆಳಗಿಡಬೇಕು. ಕಾಣದ ಕಡೆಗೆ ಇಲ್ಲದ ಕಾಲನ್ನು ಇಡುವುದು, ಯೋಚಿಸು. ಮೊದಲ ಮಹಡಿಯವರೆಗೂ ಇನ್ನೂ ಮುಟ್ಟಿಲ್ಲ. ನಡುವೆ ಕೂತುಬಿಡುತ್ತೇನೆ, ಇವರು ಬಂದು ಹೊತ್ತು ವಾಪಸು ತರುತ್ತಾರೆ. ಹೊತ್ತು ತರುವುದನ್ನು ಮಾತ್ರ ಅವರಿಂದ ಬಿಡಿಸಲಾಗಿಲ್ಲ.

ಸೋಮವಾರ ಬಾ. ರೈಲಿನಲ್ಲಿ ಬರಬೇಡ, ಬಸ್ಸಿನಲ್ಲಿ ಬಾ. ಡ್ರೈವರನ ಹಿಂದಿನ ಸೀಟಿನಲ್ಲಿ ಕೂರು. ನಾನು ಅಷ್ಟು ಮಾಡುವಾಗ ನೀನು ಇಷ್ಟಾದರೂ ಮಾಡು. ಬೀದಿ ತುದಿಯ ಸ್ಟಾಪಿನಲ್ಲಿ ಇಳಿದು ಅಲ್ಲೇ ನಿಲ್ಲು. ಇವರನ್ನೂ ಮುಂಚೆಯೇ ಅಲ್ಲಿಗೆ ಕಳುಹಿಸುತ್ತೇನೆ. ನಾನೊಬ್ಬಳೇ ಇಳಿದು ಬರುತ್ತೇನೆ. ತಡವಾದರೆ ಇಬ್ಬರೂ ಮೇಲೆ ಹತ್ತಬೇಡಿ. ಮೆಟ್ಟಿಲ ಮೇಲೆ ಎಲ್ಲೋ ಇರುತ್ತೇನೆ ಎಂದು ತಿಳಿದುಕೊಳ್ಳಿ.

ಚಿಲ್ಲರೆ


ಸೆಪ್ಟೆಂಬರ್ 7, ಬೆಳಿಗ್ಗೆ

ಚಿಲ್ಲರೆ,

ಸ್ಟಾಪಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಕೈಗೆ ಏನಾದರೂ ಕೆಲಸ ಬೇಕು, ಇಲ್ಲದಿದ್ದರೆ ಎದ್ದುಹೋಗುತ್ತೇನೆ.

ಬಸ್ಸಿನಲ್ಲೇ ಬಂದೆ. ಡ್ರೈವರನ ಹಿಂದೆಯೇ ಕೂತೆ. ಹೊರಡುವ ಮೊದಲು ಅವನು ಹಿಂದಕ್ಕೆ ತೆಗೆದಾಗ ಕಣ್ಣು ಮುಚ್ಚಿಕೊಂಡೆ. ನಿನಗೆ ಇನ್ನು ಸುಳ್ಳು ಬರೆಯುವುದಿಲ್ಲ. ದಾರಿಯಲ್ಲಿ ಇನ್ನೊಮ್ಮೆ ತೆಗೆದ, ಆಗ ಒಂದು ಕಣ್ಣು ಮಾತ್ರ ಮುಚ್ಚಿದೆ. ಕಂಡಕ್ಟರು ದಂಡ, ನನಗೆ ಬಾಕಿ ಚಿಲ್ಲರೆ ಕೊಡದೇ ಹೋದ.

ನಿನ್ನ ಯಜಮಾನರು ನನ್ನ ಪಕ್ಕದಲ್ಲಿದ್ದಾರೆ. ಎರಡು ಬಸ್ಸು ಬಂದು ಹೋದವು. ಡಾಕ್ಟರು ಬರುವ ಹೊತ್ತಾಗುತ್ತಿದೆ. ಇಲ್ಲಿಂದ ನಿಮ್ಮ ಕಟ್ಟಡದ ಬಾಗಿಲು ಕಾಣುತ್ತದೆ, ಒಳಗೆ ಕತ್ತಲು. ಸ್ವಲ್ಪ ಹೊತ್ತಿನ ಹಿಂದೆ ಒಳಗಿಂದ ಏನೋ ಉರುಳಿದ ಸದ್ದು ಕೇಳಿಸಿತು. ಇವರು ಎದ್ದು ನಿಂತರು. ನಾನೂ ಎದ್ದೆ. ಹೇಗೋ ಅವರ ಕೈ ಹಿಡಿದು ಕೂರಿಸಿ ನಾನೂ ಕೂತೆ. ಆಗಿನಿಂದ ಬಿಟ್ಟಿಲ್ಲ. ಇನ್ನೊಂದು ಕೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಅದಕ್ಕೆ.

‘ಬಿದ್ದಿದ್ದಾಳೆ. ಒಂದ್ಸಲ ನೋಡ್ಕೊಂಡು ಬಂದ್ಬಿಡ್ತೀನಿ’ ಎಂದರು.

‘ಕೂತಿರಿ’ ಎಂದೆ.

‘ಎಷ್ಟು ಹೊತ್ತು?’

ಹೋಗಿ ಎತ್ತಿಕೊಂಡು ಬಂದರೆ ಅವಳು ಇನ್ನು ಯಾವತ್ತೂ ಇಳಿಯುವುದಿಲ್ಲ ಎಂದೆ. ಅದು ಅವರಿಗೂ ಗೊತ್ತಿತ್ತು. ತಲೆ ತಗ್ಗಿಸಿ ಕೂತರು. ಜನ ನಮ್ಮಿಬ್ಬರು ಮುದುಕರನ್ನು, ಕೈ ಕೈ ಹಿಡಿದು ಕೂತದ್ದನ್ನು, ನೋಡಿ ನಗುತ್ತ ಹೋಗುತ್ತಿದ್ದಾರೆ.

ಮೂರನೇ ಬಸ್ಸೂ ಹೋಯಿತು.

ಈಗ ಬಾಗಿಲಲ್ಲಿ ಒಂದು ಪಾದ ಕಾಣಿಸುತ್ತಿದೆ. ಅಲುಗದೆ ನಿಂತಿದೆ. ಎಡಗಾಲಿನದು. ಹಿಮ್ಮಡಿ ನೆಲಕ್ಕೆ ತಾಗಿದೆ.

ಇವರು ಇನ್ನೂ ನೋಡಿಲ್ಲ, ಕಣ್ಣು ಮುಚ್ಚಿಕೊಂಡಿದ್ದಾರೆ. ಹೇಳಿದರೆ ಓಡಿಬಿಡುತ್ತಾರೆ. ನೀನು ಬೀದಿ ದಾಟಿ ಬರುವವರೆಗೂ ನಾನು ಹೇಳುವುದಿಲ್ಲ.